ಇಪ್ಪತ್ನಾಲ್ಕು ಗಂಟೆಯ ಅನುಮಾನ

ಜಯನಗರ ಐದನೇ ಬ್ಲಾಕಿನ ಒಂದು ಮನೆ. ಬೆಳಗಿನ ಆರು ಗಂಟೆ. ಬಚ್ಚಲ ಬಾಗಿಲ ಹೊರಗೆ ಒಬ್ಬ ಹೆಂಗಸು ಕಿವಿ ನಿಮಿರಿಸಿ ನಿಂತಿದ್ದಾರೆ. ಒಳಗಿರುವವರು ಮನೆಯ ಯಜಮಾನರು, ನಿವೃತ್ತ ಇಂಜಿನಿಯರು. ಹೊರಗಿರುವವರು ಅವರ ಹೆಂಡತಿಯಲ್ಲ, ಮಗಳಲ್ಲ, ನೆಂಟರೂ ಅಲ್ಲ. ಪಕ್ಕದ ಮನೆಯ ಕಿಟಕಿಯ ಪರದೆ ಒಂದು ಬೆರಳಷ್ಟು ಸರಿದಿದೆ. ಸರಿಯದೆ ಇದ್ದೀತೆ?

ಬಾಗಿಲು ತೆರೆಯುತ್ತದೆ. ಇಂಜಿನಿಯರು ಚೊಂಬನ್ನು ಮುಂದೆ ಚಾಚಿ, ಮುಖವನ್ನು ಮಾತ್ರ ಗೋಡೆಯ ಕಡೆಗೆ ತಿರುಗಿಸಿಕೊಂಡು ಹೊರಬರುತ್ತಾರೆ. ಹೊರಗೆ ಕಾದಿದ್ದ ಸಪ್ಪಲಮ್ಮ ಅದನ್ನು ಇಸಿದುಕೊಂಡು ಐದು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನಿಗೆ ನಿಧಾನವಾಗಿ ಸುರಿಯುತ್ತಾರೆ. ಮುಚ್ಚಳ ತಿರುಗಿಸಿ, ಬೆಳಕಿಗೆ ಹಿಡಿದು ಮಟ್ಟ ನೋಡುತ್ತಾರೆ. ಆಮೇಲೆ ಯಜಮಾನರ ಮುಖ ನೋಡುತ್ತಾರೆ. ಆಮೇಲೆ ಅಡುಗೆಮನೆಯ ಕಡೆಗೆ ಮೂಗೆತ್ತುತ್ತಾರೆ.

"ನಿನ್ನೆ ಕಾಫಿ ಕುಡುದ್ರಾ ಸಾರ್?"

"ಮೂವತ್ತೆರಡು ವರ್ಷ ಗೌರ್ಮೆಂಟ್ ಸರ್ವೀಸು ಕಣಮ್ಮ ನನ್ದು. ಸುಳ್ಳು ಹೇಳ್ತೀನಾ?"

"ಅದ್ಕೇ ಕೇಳ್ದೆ ಸಾರ್."

ತೊಳೆಯಲು ಹಾಕಿದ ಪಾತ್ರೆಗಳ ನಡುವೆ ಎರಡು ಕಾಫಿ ಲೋಟಗಳಿವೆ. ಮನೆಯಲ್ಲಿರುವುದು ಇಬ್ಬರೇ. ಅದರಲ್ಲಿ ಅಮ್ಮಾವ್ರು ಹಾಲು ಮಾತ್ರ ಕುಡಿಯುವವರು ಎಂಬುದನ್ನು ಸಪ್ಪಲಮ್ಮ ನಿನ್ನೆಯೇ ಮಾತಿನ ನಡುವೆ ಕೇಳಿಕೊಂಡಿದ್ದಾರೆ. ಹೆಚ್ಚಿನ ವಿಚಾರಣೆ ನಡೆಯುವುದಿಲ್ಲ. ಇಡೀ ದಿನದ ಸಂಗ್ರಹ ಬಚ್ಚಲಿನ ಪಾಲಾಗುತ್ತದೆ. ಮೂರು ದಿನ ಕಾಫಿ ಬಿಟ್ಟು ಮತ್ತೆ ಮೊದಲಿನಿಂದ ಶುರು. ಇಂಜಿನಿಯರ ಮುಖ, ಕಟ್ಟಿದ ಸೇತುವೆಯೊಂದು ಉದ್ಘಾಟನೆಗೆ ಮೊದಲೇ ಕುಸಿದಂತಿದೆ.

ಸಭ್ಯರು ಇದನ್ನು ಲಘುಶಂಕೆ ಎನ್ನುತ್ತಾರೆ. ಸಪ್ಪಲಮ್ಮನವರ ಶಂಕೆ ಅಷ್ಟು ಲಘುವಲ್ಲ. ನಲವತ್ತಾರು ವಯಸ್ಸಿನ ಈ ಹೆಂಗಸು ಜಯನಗರದ ಒಂದು ಪುಟ್ಟ ಲ್ಯಾಬಿಗಾಗಿ ಮನೆಮನೆಯಿಂದ ಇಪ್ಪತ್ನಾಲ್ಕು ಗಂಟೆಯ ಮೂತ್ರ ತರುವ ಕೆಲಸ ಮಾಡುತ್ತಾರೆ. ವಾರಕ್ಕೆ ಹದಿನೈದರಿಂದ ಇಪ್ಪತ್ತು ಕ್ಯಾನು. ಒಂದೊಂದರಲ್ಲಿ ಒಂದೂವರೆಯಿಂದ ಎರಡೂವರೆ ಲೀಟರು. ಮಡಿವಾಳದ ಮನೆಯಿಂದ ಬಸ್ಸಿನಲ್ಲಿ ಬಂದು, ಜಯನಗರ, ಬನಶಂಕರಿ ಎರಡನೇ ಸ್ಟೇಜು, ಜೆ.ಪಿ. ನಗರದ ಅಡ್ಡರಸ್ತೆಗಳಲ್ಲಿ ದಿನಕ್ಕೆ ಏಳೆಂಟು ಮೈಲಿ ನಡೆಯುತ್ತಾರೆ. ಎರಡು ಕೈಗೆ ಎರಡು ಕ್ಯಾನು. ಮೂರನೆಯದು ಸೊಂಟಕ್ಕೆ.

ಇಷ್ಟೊಂದು ಮೂತ್ರ ಯಾರಿಗೆ ಬೇಕು ಎಂಬ ಅನುಮಾನ ಓದುಗರಿಗೆ ಬಂದರೆ ತಪ್ಪಿಲ್ಲ, ಎಲ್ಲರಿಗೂ ಬರುತ್ತದೆ. ರಕ್ತದೊತ್ತಡ ಏರಿದವರಲ್ಲಿ ಹೆಚ್ಚಿನವರಿಗೆ ಅದು ಏಕೆ ಏರಿತೆಂದು ವೈದ್ಯರಿಗೂ ಗೊತ್ತಾಗುವುದಿಲ್ಲ. ಕೆಲವರಲ್ಲಿ ಮಾತ್ರ ಅಪರಾಧಿ ಬೇರೆಲ್ಲೋ ಅಡಗಿರುತ್ತಾನೆ. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯ ಹಾಗೆ ಕೂತ ಒಂದು ಗ್ರಂಥಿಯಿದೆ. ಹುಲಿ ಕಂಡಾಗ ಎದೆ ಡವಗುಟ್ಟುವುದು ಅದರ ಹಾರ್ಮೋನಿನ ಕೃಪೆ. ಅಲ್ಲೊಂದು ಗಡ್ಡೆ ಬೆಳೆದರೆ ಹುಲಿಯೇ ಇಲ್ಲದೆ ಎದೆ ಹಾರುತ್ತದೆ, ಬೆವರು ಕಿತ್ತುಬರುತ್ತದೆ, ತಲೆ ಸಿಡಿಯುತ್ತದೆ, ರಕ್ತನಾಳಗಳು ಬಿಗಿದುಕೊಂಡು ಒತ್ತಡ ಆಕಾಶಕ್ಕೇರುತ್ತದೆ. ಆ ಹಾರ್ಮೋನಿನ ಉಳಿಕೆ ಮೂತ್ರದಲ್ಲಿ ಸಿಗುತ್ತದೆ. ಆದರೆ ಒಂದೇ ಸಮನೆ ಅಲ್ಲ, ಆದ್ದರಿಂದ ಇಡೀ ದಿನದ್ದು ಬೇಕು.

ಸಪ್ಪಲಮ್ಮನವರ ವಿವರಣೆ ಇದಕ್ಕಿಂತ ಚೆನ್ನಾಗಿದೆ. "ವಠಾರದ ನಲ್ಲಿ ಇದ್ದಂಗೆ ಸಾರ್. ಒಂದ್ಸಲ ತಿರುಗ್ಸಿ ನೋಡಿ ನೀರಿಲ್ಲ ಅನ್ನಂಗಿಲ್ಲ. ಬೆಳಗಿಂದ ಬೆಳಗ್ಗಂಟ ಕೊಡ ಮಡಗಿ ಕಾದ್ರೆ ತಿಳೀತದೆ, ಎಷ್ಟು ಬಂತು ಅಂತ."

ನಿಯಮಗಳು ಸರಳ. ಮೊದಲ ದಿನ ಬೆಳಗಿನ ಮೊದಲನೆಯದನ್ನು ಚೆಲ್ಲಬೇಕು. ಅಲ್ಲಿಂದ ಮರುದಿನ ಅದೇ ಹೊತ್ತಿನವರೆಗೆ ಒಂದು ಹನಿಯೂ ಬಿಡದೆ ಕ್ಯಾನಿಗೆ ಸೇರಿಸಬೇಕು. ಕಾಫಿ, ಟೀ, ಬಾಳೆಹಣ್ಣು, ವೆನಿಲಾ ಹಾಕಿದ ತಿಂಡಿ ಮುಟ್ಟಬಾರದು, ಅವು ಪರೀಕ್ಷೆಯ ಲೆಕ್ಕ ತಪ್ಪಿಸುತ್ತವೆ. ಸಂಗ್ರಹ ಕೆಡದಿರಲೆಂದು ಕ್ಯಾನಿನ ತಳದಲ್ಲಿ ಸ್ವಲ್ಪ ಆಸಿಡ್ ಇರುತ್ತದೆ, ಆದ್ದರಿಂದ ಚೊಂಬಿನಲ್ಲಿ ಹಿಡಿದೇ ಸುರಿಯಬೇಕು. ಇಷ್ಟನ್ನೂ ತಲೆಯಾಡಿಸಿ ಕೇಳಿಸಿಕೊಳ್ಳುವ ಜನ ಒಂದನ್ನೂ ಪಾಲಿಸುವುದಿಲ್ಲ ಎಂಬುದು ಸಪ್ಪಲಮ್ಮನವರ ಐದು ವರ್ಷಗಳ ಅನುಭವ. ಆಫೀಸಿಗೆ ಹೋದವರು ಅಲ್ಲಿಯದನ್ನು ಅಲ್ಲೇ ಬಿಟ್ಟು ಬರುತ್ತಾರೆ. ಮಟ್ಟ ಕಡಿಮೆಯಾಯಿತೆಂದು ನಾಚಿಕೊಂಡು ನಲ್ಲಿ ನೀರು ಬೆರೆಸುತ್ತಾರೆ. ಬನಶಂಕರಿಯ ಒಬ್ಬ ಮಹನೀಯರ ಕ್ಯಾನು ತುಂಬಿದ್ದು ಅವರ ಭಾವಮೈದುನನ ಸಹಕಾರದಿಂದ. ಇಂಥ ಸಹಕಾರ ಸಂಘವನ್ನು ಸಪ್ಪಲಮ್ಮ ನೋಡಿದ ತಕ್ಷಣ ರದ್ದು ಮಾಡಿದ್ದಾರೆ.

ಅನುಮಾನ ಒಂದೇ ದಿಕ್ಕಿನದೇನಲ್ಲ. ಮನೆಯವರು ಇವರನ್ನು ನಂಬುವುದಿಲ್ಲ. ಮೂತ್ರ ಒಯ್ದು ಮಾಟ ಮಾಡಿಸುತ್ತಾಳೆಂದು ಜೆ.ಪಿ. ನಗರದ ಒಬ್ಬ ಅಜ್ಜಿ ಬಾಗಿಲನ್ನೇ ತೆರೆದಿರಲಿಲ್ಲವಂತೆ. ಕಂಡಕ್ಟರುಗಳು ಮೂಸಿ ನೋಡುತ್ತಾರೆ. ಒಮ್ಮೆ ಮಡಿವಾಳದ ಹತ್ತಿರ ಪೊಲೀಸಪ್ಪನೊಬ್ಬ ತಡೆದು ನಿಲ್ಲಿಸಿದ್ದನ್ನು ಸಪ್ಪಲಮ್ಮ ಅವನದೇ ಗಡಸು ದನಿಯಲ್ಲಿ ಆಡಿ ತೋರಿಸುತ್ತಾರೆ. ಕಳ್ಳಭಟ್ಟಿ ಎಂದು ಅವನಿಗೆ ಖಾತ್ರಿಯಾಗಿತ್ತು. ಬೇಡ ಸಾರ್ ಎಂದರೂ ಕೇಳದೆ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ತಜ್ಞನಂತೆ ದೀರ್ಘವಾಗಿ ಉಸಿರೆಳೆದುಕೊಂಡ. ಆಸಿಡ್ಡಿನ ಘಾಟು ನೆತ್ತಿಗೇರಿ ಅರ್ಧ ಗಂಟೆ ಕೆಮ್ಮಿದ. ಈಗ ದೂರದಿಂದಲೇ ಕೈಮುಗಿಯುತ್ತಾನೆ.

ತಲಘಟ್ಟಪುರದ ದನಕರುಗಳ ಮನೆಯಲ್ಲಿ ಹುಟ್ಟಿದ ಸಪ್ಪಲಮ್ಮ ಹದಿನೇಳಕ್ಕೆ ಮದುವೆಯಾಗಿ ಮಡಿವಾಳಕ್ಕೆ ಬಂದರು. ಗಂಡ ಪಾಪಯ್ಯ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಿದ್ದರು. ಆಗಾಗ ತಲೆನೋವು ಎನ್ನುತ್ತಿದ್ದರು. ಹಣೆಗೆ ಬಟ್ಟೆ ಬಿಗಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಮೂವತ್ತೆಂಟನೇ ವಯಸ್ಸಿನಲ್ಲಿ ಗೂಡಿನ ಮುಂದೆಯೇ ಕುಸಿದರು. ಒಂದು ಪಕ್ಕ ಬಿದ್ದುಹೋಗಿತ್ತು, ಮೂರನೇ ದಿನಕ್ಕೆ ಮುಗಿಯಿತು. "ಬಿಪಿ ಅಂದ್ರು ಆಸ್ಪತ್ರೇಲಿ. ನಾನು ಅಲ್ಲೀಗಂಟ ಆ ಹೆಸ್ರು ಕೇಳಿರ್ನಿಲ್ಲ. ಬೀಪಿ ಅಂದ್ರೆ ಬೀದಿ ಹೆಸ್ರು ಅನ್ಕಂಡಿದ್ದೆ," ಎನ್ನುವಾಗ ಅವರು ನಗುವುದಿಲ್ಲ. ಆಮೇಲೆ ಲ್ಯಾಬಿನಲ್ಲಿ ನೆಲ ಒರೆಸಲು ಸೇರಿದರು. ಕ್ಯಾನು ತರುತ್ತಿದ್ದವನು ನಾಚಿಕೆಯೆಂದು ಬಿಟ್ಟುಹೋದಾಗ, ಆ ಕೆಲಸ ಇವರ ಕೈಗೆ ಬಂತು.

ಇವರ ಬಗ್ಗೆ ಈಗ ಬರೆಯಬೇಕಾಗಿ ಬಂದಿರುವುದು ಕಳೆದ ವರ್ಷ, ಎಂಬತ್ಮೂರರ ಶ್ರಾವಣದಲ್ಲಿ ನಡೆದ ಒಂದು ಸಂಗತಿಯಿಂದ. ಜಯನಗರದ ವಿಮಲಾ ಅವರಿಗೆ ಮೂವತ್ತೊಂದು ವರ್ಷ, ಇಬ್ಬರು ಮಕ್ಕಳು. ಗಂಡ ತಿರುಮಲೇಶರಿಗೆ ಬ್ಯಾಂಕಿನಲ್ಲಿ ಕೆಲಸ. ವಿಮಲಾಗೆ ಆರೇಳು ತಿಂಗಳಿಂದ ತಲೆ ಸಿಡಿತ, ಎದೆ ಡವಡವ, ಬೆವರು. ಒತ್ತಡ ನೋಡಿದ ಡಾ. ಚಕ್ರಪಾಣಿಯವರು ಎರಡು ಸಲ ಪಟ್ಟಿ ಬಿಚ್ಚಿ ಎರಡು ಸಲ ಕಟ್ಟಿದರು. ಈ ವಯಸ್ಸಿಗೆ ಅಷ್ಟು ಒತ್ತಡ ಸಹಜವಲ್ಲ. ಗ್ರಂಥಿಯ ಮೇಲೆ ಅನುಮಾನ ಬಂತು. ಸಪ್ಪಲಮ್ಮ ಕ್ಯಾನು ಹಿಡಿದು ಹೋದರು.

ಅದು ಮಡಿಯ ಮನೆ. ಅತ್ತೆ ಸತ್ಯಭಾಮಮ್ಮನವರು ಕ್ಯಾನನ್ನು ಹಿತ್ತಲಿನ ಬಚ್ಚಲಿಗಿಂತ ಈಚೆಗೆ ತರಲು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಎತ್ತಿದಾಗ ಸಪ್ಪಲಮ್ಮನವರ ಕೈಗೆ ಭಾರ ಹೆಚ್ಚೆನಿಸಿತು. "ಆ ಯಮ್ಮ ಗುಬ್ಬಚ್ಚಿ ಹಂಗವ್ಳೆ. ಮೂರ್ ಲೀಟ್ರು ಎಲ್ಲಿಂದ ಬರ್ಬೇಕು? ಮುಚ್ಚಳ ತೆಗುದ್ರೆ ನಮ್ಮಪ್ಪನ ಮನೆ ಕೊಟ್ಟಿಗೆ ವಾಸ್ನೆ." ಅತ್ತೆಯೇ ಏನೋ ಮಾಡಿದ್ದಾರೆ, ಸೊಸೆಯದನ್ನು ಚೆಲ್ಲಿ ಇನ್ನೇನನ್ನೋ ತುಂಬಿಸಿದ್ದಾರೆ ಎಂದು ಸಪ್ಪಲಮ್ಮ ಅಲ್ಲೇ ತೀರ್ಮಾನಿಸಿದರು. ಕೇಳಿದರೆ, ಎಲ್ಲ ಸರಿಯಾಗಿದೆ ಹೋಗಮ್ಮ ಎಂದು ಅತ್ತೆ ಬಾಗಿಲು ಮುಚ್ಚಿಕೊಂಡರು.

ಲ್ಯಾಬಿನ ಮಾಲೀಕ ಗುರುಬಸಪ್ಪನವರಿಗೆ ವಿಷಯ ಹೇಳಿದಾಗ ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. ಆ ಇಳಿಸುವ ಠೀವಿಯನ್ನು ಸಪ್ಪಲಮ್ಮ ಕನ್ನಡಕವೇ ಇಲ್ಲದೆ ಮಾಡಿ ತೋರಿಸುತ್ತಾರೆ. "ರಿಪೋರ್ಟಲ್ಲಿ ಏನಂತ ಬರೀಲಿ? ಸಪ್ಪಲಮ್ಮನ ಮೂಗು ಪಾಸಿಟಿವ್ ಅಂತಲಾ?" ಪರೀಕ್ಷೆ ನಡೆಯಿತು. ಅಂಕಿ ಇರಬೇಕಾದ್ದಕ್ಕಿಂತ ಮೂರು ಪಟ್ಟು ಬಂತು.

ವಾರದ ನಂತರ ಅದೇ ಬೀದಿಯ ಇನ್ನೊಂದು ಮನೆಗೆ ಹೋಗುವಾಗ ಸಪ್ಪಲಮ್ಮ ಕಂಡಿದ್ದು ಹೀಗೆ: ವಿಮಲಾ ಗೇಟಿನ ಬಳಿ ನಿಂತು ಮಕ್ಕಳನ್ನು ತಾಯಿಯ ಮನೆಗೆ ಕಳಿಸುತ್ತಿದ್ದಾರೆ. ಚಿಕ್ಕದು ಸೆರಗು ಬಿಡುತ್ತಿಲ್ಲ. ಬರುವ ಸೋಮವಾರ ಆಪರೇಷನ್. ಹೊಟ್ಟೆ ತೆರೆದು ಗಡ್ಡೆ ಹುಡುಕಬೇಕು. ಅಂಥ ಗಡ್ಡೆಯನ್ನು ಮುಟ್ಟಿದರೆ ಒತ್ತಡ ಹೇಗೆ ಬೇಕಾದರೂ ಕುಣಿಯಬಹುದು, ಮೇಜಿನ ಮೇಲೆಯೇ ಜೀವ ಹೋದದ್ದುಂಟು ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದರು.

ಲ್ಯಾಬಿನವರು ಡಾಕ್ಟರ ಜೊತೆ ನೇರವಾಗಿ ಮಾತಾಡಬಾರದೆಂಬುದು ಗುರುಬಸಪ್ಪನವರ ಕಟ್ಟಪ್ಪಣೆ. ಸಪ್ಪಲಮ್ಮ ಅಂದು ಸಂಜೆ ಚಕ್ರಪಾಣಿಯವರ ಕ್ಲಿನಿಕ್ಕಿನಲ್ಲಿ ರೋಗಿಗಳ ಸಾಲಿನಲ್ಲಿ ಕೂತರು. ಕಾಂಪೌಂಡರು ಏನು ಕಾಯಿಲೆ ಎಂದು ಕೇಳಿದಾಗ ಅನುಮಾನ ಎಂದರಂತೆ. ಅವನು ಚೀಟಿಯಲ್ಲಿ ಅದನ್ನೇ ಬರೆದ.

ಡಾಕ್ಟರಿಗೂ ಮೊದಲು ಇವರ ಮೇಲೆಯೇ ಅನುಮಾನ ಬಂತು. ಬೇರೆ ಲ್ಯಾಬಿನವರು ಕಳಿಸಿದ್ದಾರೆಯೇ, ಮನೆಯವರು ಆಪರೇಷನ್ನಿಗೆ ಹೆದರಿ ಹೇಳಿಕೊಟ್ಟಿದ್ದಾರೆಯೇ ಎಂದು ತಿರುಗಿಸಿ ತಿರುಗಿಸಿ ಕೇಳಿದರು. ಕೊನೆಗೆ, ಕ್ಯಾನು ಕೆಟ್ಟಿದೆಯೆಂದು ಗ್ಯಾರಂಟಿ ಕೊಡುತ್ತೀಯಾ ಎಂದರು.

"ಗ್ಯಾರಂಟಿ ಕೊಡಾಕೆ ನಾನೇನು ದೇವ್ರಾ ಸಾರ್. ನಂದು ಅನುಮಾನ ಅಷ್ಟೆ. ಹೊಟ್ಟೆ ಕುಯ್ದ ಮೇಲೆ ವಾಪಸ್ ಹೊಲೀಬೋದು, ಮೊದ್ಲಿನಂಗೆ ಮಾಡಾಕಾಯ್ತದಾ? ಇನ್ನೊಂದ್ ಕ್ಯಾನು ನೋಡ್ಬಿಡಿ."

ಚಕ್ರಪಾಣಿಯವರು ಈಗ ಅದನ್ನು ನೆನೆದು ತಮ್ಮ ಇಂಗ್ಲಿಷ್ ಬೆರೆತ ಕನ್ನಡದಲ್ಲಿ ನಗುತ್ತಾರೆ. "ಐ ವಾಸ್ ಆಂಗ್ರಿ, ಯು ನೋ. ಆದ್ರೆ ಆಕೆ ಹೋದ್ಮೇಲೆ ನಂಗೂ ನಿದ್ದೆ ಬರ್ಲಿಲ್ಲ. ಅನುಮಾನ ಈಸ್ ಇನ್ಫೆಕ್ಷಿಯಸ್." ಆಪರೇಷನ್ ಹತ್ತು ದಿನ ಮುಂದೆ ಹೋಯಿತು. ಸಪ್ಪಲಮ್ಮನವರಿಗೆ ಕ್ಯಾನಿನ ಜೊತೆ ಚಾಪೆಯನ್ನೂ ತೆಗೆದುಕೊಂಡು ಹೋಗುವಂತೆ ಹೇಳಿದರು. ಬೆಳಗಿಂದ ಬೆಳಗಿನವರೆಗೆ ಕ್ಯಾನಿನ ಪಕ್ಕದಿಂದ ಏಳಬಾರದು. ಲ್ಯಾಬಿನಲ್ಲಿ ಗುರುಬಸಪ್ಪನವರು, ಇದೊಂದು ಕ್ಯಾನು ತಂದ ಮೇಲೆ ನಿನ್ನ ವಿಚಾರ ನೋಡುತ್ತೇನೆ ಎಂದರು.

ಆರು ಗಂಟೆಗೆ ವಿಮಲಾ ಮೊದಲನೆಯದನ್ನು ಚೆಲ್ಲಿದರು. ಸಪ್ಪಲಮ್ಮ ಹಿತ್ತಲಲ್ಲಿ ಚಾಪೆ ಹಾಸಿದರು. ಆಗ ಸತ್ಯಭಾಮಮ್ಮನವರು ಮಡಿಯುಟ್ಟು, ಹಿತ್ತಾಳೆ ಚೊಂಬೊಂದನ್ನು ಎರಡೂ ಕೈಯಲ್ಲಿ ಹಿಡಿದು, ಯಾವ ಕಳ್ಳತನವೂ ಇಲ್ಲದೆ ನೇರವಾಗಿ ಕ್ಯಾನಿನ ಕಡೆಗೆ ನಡೆದು ಬಂದರು. ಸಪ್ಪಲಮ್ಮ ಕ್ಯಾನನ್ನು ಮಡಿಲಿಗೆ ಎಳೆದುಕೊಂಡರು.

"ಏನಮ್ಮಾ ಅದು?"

"ಗೋಮೂತ್ರ ಕಣಮ್ಮ. ಈಗ ತಾನೆ ಬೈಲಪ್ಪನ ಹಸುದು ಹಿಡಿಸ್ಕೊಂಡೆ. ಮುಚ್ಚಳ ತೆಗಿ, ಶುದ್ಧಿ ಮಾಡ್ಬೇಕು. ಹೋದ್ಸಲ ಹಾಕಿದಾಗ ಬುಸ್ಸ್ ಅಂತ ನೊರೆ ಉಕ್ಕಿ ಬಂತು. ಒಳಗಿದ್ದ ಮೈಲಿಗೆಯೆಲ್ಲಾ ಎದ್ದು ಹೋಯ್ತು, ನೋಡು."

ಮನೆ ಬಾಗಿಲಿಗೇ ಹಸು ತಂದು ಹಾಲು ಕರೆದುಕೊಡುವ ಬೈಲಪ್ಪ ಆಗಿನ್ನೂ ಗೇಟಿನಲ್ಲೇ ಇದ್ದ. ಎದ್ದು ಹೋದದ್ದು ಮೈಲಿಗೆಯಲ್ಲ, ಕ್ಯಾನಿನ ತಳದ ಆಸಿಡ್. ಹಸುವಿನ ಮೂತ್ರದ ಕ್ಷಾರ ತಾಗಿ ನೊರೆಯಾಗಿ, ಕಾಪಾಡಬೇಕಾದ ಆಸಿಡ್ಡಿನ ಕೆಲಸ ಕೆಟ್ಟಿತ್ತು. ಮೇಯ್ದ ಹುಲ್ಲಿನ ಸತ್ವಗಳು ಪರೀಕ್ಷೆಯಲ್ಲಿ ಹಾರ್ಮೋನಿನ ವೇಷ ಹಾಕಿ ಅಂಕಿಯನ್ನು ಮೇಲಕ್ಕೆತ್ತಿದ್ದವು. ಬೈಲಪ್ಪನ ಹಸುವಿನ ಸಲುವಾಗಿ ವಿಮಲಾ ಅವರ ಹೊಟ್ಟೆ ಕೊಯ್ಯುವುದರಲ್ಲಿದ್ದರು.

ಕ್ಯಾನು ಕೆಟ್ಟದ್ದು ಇದರಿಂದಲೇ ಎಂದು ಸಪ್ಪಲಮ್ಮ ಹೇಳಿದಾಗ ಸತ್ಯಭಾಮಮ್ಮನವರು ಚೊಂಬನ್ನು ನೆಲಕ್ಕಿಟ್ಟರು. ಸೊಸೆಯ ರಿಪೋರ್ಟು ಶುದ್ಧವಾಗಿ ಬರಲಿ ಎಂದೇ ಒಂದು ಚೊಂಬಿನ ಜಾಗದಲ್ಲಿ ಒಂದೂವರೆ ಹಾಕಿದ್ದರಂತೆ. ಅತ್ತೆ ಕೇಡು ಬಗೆದರೆಂದು ತಾವು ಅಂದುಕೊಂಡದ್ದು ತಪ್ಪು ಎಂದು ಸಪ್ಪಲಮ್ಮನವರಿಗೆ ಆಗ ತಿಳಿಯಿತು. "ಅನುಮಾನ ಸರಿಯಾಗಿತ್ತು, ಅವ್ರ ಮನ್ಸು ತಿಳ್ಕಂಡಿದ್ದು ತಪ್ಪಾಗಿತ್ತು," ಎನ್ನುತ್ತಾರೆ. ಮಧ್ಯಾಹ್ನ ಹಿತ್ತಲಿಗೇ ಎಲೆ ಬಂತು. ಬಡಿಸಿದವರು ಅತ್ತೆ. ತುಪ್ಪ ಎರಡು ಸಲ ಬಂತು.

ಇಲ್ಲಿಗೆ ಮುಗಿಯಿತೆಂದುಕೊಂಡರೆ, ಸಪ್ಪಲಮ್ಮನವರನ್ನು ಇನ್ನೊಂದು ಪ್ರಶ್ನೆ ಕೊರೆಯುತ್ತಿತ್ತು. ಗಡ್ಡೆ ಹಸುವಿನದಾದರೆ, ಆ ಒತ್ತಡ ಯಾರದು? ಸಂಜೆ ದೀಪ ಹಚ್ಚುವ ಹೊತ್ತಿಗೆ, ಅತ್ತೆ ದೇವರ ಮುಂದೆ ಕೂತಿದ್ದಾಗ, ವಿಮಲಾ ಬಚ್ಚಲಿಗೆ ಬಂದು ಸೀಗೆಪುಡಿಯ ಡಬ್ಬಕ್ಕೆ ಕೈ ಹಾಕಿದರು. ಬೆಳ್ಳಿಹಾಳೆಯ ಸಣ್ಣ ಪಟ್ಟಿಯೊಂದನ್ನು ತೆಗೆದು, ಒಂದು ಮಾತ್ರೆ ಬಾಯಿಗೆ ಹಾಕಿ, ಪಟ್ಟಿಯನ್ನು ಮತ್ತೆ ಪುಡಿಯೊಳಗೆ ಹೂತರು. ಅಂಥ ಪಟ್ಟಿಯನ್ನು ಮಡಿವಾಳದಲ್ಲಿ ಕುಟುಂಬ ಯೋಜನೆಯ ನರ್ಸಮ್ಮ ತೋರಿಸಿದ್ದನ್ನು ಸಪ್ಪಲಮ್ಮ ನೋಡಿದ್ದರು.

"ಅದುನ್ನೂ ಡಾಕ್ಟ್ರು ಬರ್ಕೊಟ್ಟಿದ್ದಾ ಅಕ್ಕಾ?"

ವಿಮಲಾ ದೇವರಮನೆಯ ಕಡೆಗೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿಕೊಂಡರು. ಮೂರನೆಯದು ಬೇಡವೆಂದು ಒಂದು ವರ್ಷದಿಂದ ತೆಗೆದುಕೊಳ್ಳುತ್ತಿದ್ದರು. ಗಂಡನಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ತಲೆನೋವು ಶುರುವಾದದ್ದು ಅದಾದ ಕೆಲವೇ ತಿಂಗಳಿಗೆ. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಡಾಕ್ಟರು ಕೇಳಿದ್ದರು, ನಿಜ. ಆದರೆ ಪ್ರತಿ ಸಲವೂ ಪಕ್ಕದ ಕುರ್ಚಿಯಲ್ಲಿ ಅತ್ತೆ ಇರುತ್ತಿದ್ದರು. ಯಾವುದೂ ಇಲ್ಲ ಎಂದುಬಿಟ್ಟಿದ್ದರು. ಹೊಟ್ಟೆ ಕೊಯ್ಯಿಸಿಕೊಳ್ಳಲು ಒಪ್ಪಿದ್ದ ಹೆಂಗಸಿಗೆ ಆ ಒಂದು ಮಾತು ಹೇಳುವ ಧೈರ್ಯ ಬಂದಿರಲಿಲ್ಲ.

ಮರುದಿನ ಕ್ಯಾನು ಲ್ಯಾಬಿಗೆ ಹೋಯಿತು. ಒಂದೂ ಕಾಲು ಲೀಟರು, ಗುಬ್ಬಚ್ಚಿಗೆ ತಕ್ಕಷ್ಟು. ಸಪ್ಪಲಮ್ಮ ಕ್ಲಿನಿಕ್ಕಿಗೆ ಹೋಗಿ ಡಾಕ್ಟರಿಗೆ ಹಸುವಿನ ಕಥೆಯನ್ನು ಪೂರ್ತಿ ಹೇಳಿದರು. ಮಾತ್ರೆಯ ಕಥೆ ಹೇಳಲಿಲ್ಲ. "ಆ ಯಮ್ಮನ್ನ ಒಬ್ರನ್ನೇ ಕರ್ದು ಕೇಳಿ ಸಾರ್. ಏನು ಅಂತ ನಾನು ಹೇಳಾಕಿಲ್ಲ, ಅದು ನಂದಲ್ಲ," ಎಂದು ಎದ್ದು ಬಂದರು. ಡಾಕ್ಟರು ತೂಕ ನೋಡುವ ನೆಪದಲ್ಲಿ ವಿಮಲಾರನ್ನು ಒಳಗೆ ಕರೆದರು.

ಎರಡನೆಯ ಅಂಕಿ ಸಹಜವಾಗಿತ್ತು. ಗಡ್ಡೆಯ ಅನುಮಾನ ಹೋಯಿತು, ಆಪರೇಷನ್ ರದ್ದಾಯಿತು. ಆ ಮಾತ್ರೆಯಲ್ಲಿರುವುದೂ ಹಾರ್ಮೋನೇ. ಹೆಚ್ಚಿನ ಹೆಂಗಸರಿಗೆ ಅದು ಏನೂ ಮಾಡುವುದಿಲ್ಲ, ಕೆಲವರಿಗೆ ಮಾತ್ರ ರಕ್ತನಾಳಗಳನ್ನು ಬಿಗಿಯುತ್ತದೆ ಎಂದು ಚಕ್ರಪಾಣಿಯವರು ವಿವರಿಸುತ್ತಾರೆ. ಓದುಗರು ತಮ್ಮ ಮಾತ್ರೆಯನ್ನು ಇದನ್ನು ಓದಿ ಬಿಡಬಾರದು, ವೈದ್ಯರನ್ನು ಕೇಳಬೇಕು ಎಂದೂ ಸೇರಿಸುತ್ತಾರೆ. ವಿಮಲಾ ಮಾತ್ರೆ ಬಿಟ್ಟು ಬೇರೆ ದಾರಿ ಹಿಡಿದರು. ನಾಲ್ಕು ತಿಂಗಳಲ್ಲಿ ಒತ್ತಡ ಇಳಿದು ತನ್ನ ಜಾಗಕ್ಕೆ ಬಂತು.

ಇದನ್ನೆಲ್ಲ ಅಚ್ಚು ಹಾಕಿಸಲು ಒಪ್ಪಿದವರು ವಿಮಲಾ ಅವರೇ. ಅತ್ತೆಗೆ ಅವರೇ ಹೇಳಿದ್ದರು. ಸತ್ಯಭಾಮಮ್ಮನವರು ಮೂರನೇ ದಿನ ಹೂ ಕಟ್ಟುತ್ತಾ ಕೇಳಿದ್ದು ಒಂದೇ: "ಎರಡು ಸಾಕು ಅಂತ ನೀನು ಅಂದಿದ್ರೆ ನಾನು ಬೇಡ ಅಂತಿದ್ನೇನೇ? ನಾನು ಹೆತ್ತಿದ್ದು ಏಳು. ಸಾಕು ಅಂತ ನನಗೆ ಯಾರ ಹತ್ರ ಹೇಳ್ಕೊಳೋಕಾಗಿತ್ತು?"

ಗುರುಬಸಪ್ಪನವರು ಹೇಳಿದಂತೆ ವಿಚಾರ ನೋಡಿದರು. ಅಪ್ಪಣೆ ಮೀರಿದ್ದಕ್ಕೆ ಸಪ್ಪಲಮ್ಮನವರನ್ನು ಒಂದು ವಾರ ಮತ್ತೆ ನೆಲ ಒರೆಸಲು ಹಾಕಿದರು. ಎಂಟನೇ ದಿನ ಡಾಕ್ಟರಿಂದ ಫೋನು ಬಂತು. ಆಕೆ ತಂದ ಕ್ಯಾನನ್ನಷ್ಟೇ ತಾವು ನಂಬುವುದು ಎಂದರಂತೆ. ಈಗ ಲ್ಯಾಬಿನ ಚೀಟಿಯಲ್ಲಿ ಒಂದು ಹೊಸ ಗೆರೆ ಅಚ್ಚಾಗಿದೆ. ಕ್ಯಾನು ತಂದವರಿಗೆ ಅನುಮಾನವಿದ್ದರೆ ಅಲ್ಲಿ ಹೆಬ್ಬೆಟ್ಟು ಒತ್ತಬೇಕು. ಒತ್ತಿದ ಕ್ಯಾನು ಮೇಜಿಗೆ ಏರುವುದಿಲ್ಲ. ಗುರುಬಸಪ್ಪನವರು ಇದು ತಮ್ಮದೇ ಯೋಜನೆಯೆಂದು ಎಲ್ಲರಿಗೂ ಹೇಳುತ್ತಿದ್ದಾರೆ. ಇರಲಿ.

ಈ ಮೇ ತಿಂಗಳಿನ ಬಿಸಿಲಲ್ಲಿ, ಬನಶಂಕರಿ ಬಸ್ ನಿಲ್ದಾಣದ ನೆರಳಿನಲ್ಲಿ ಎರಡು ಕ್ಯಾನುಗಳ ನಡುವೆ ಕೂತ ಸಪ್ಪಲಮ್ಮನವರನ್ನು, ನಿಮಗೇನು ಆಸೆ ಎಂದು ಕೇಳಿದರೆ, ಏಕೆ ಕೇಳುತ್ತಿದ್ದೀರಿ ಎಂದು ಮೊದಲು ಅನುಮಾನದಿಂದ ನೋಡುತ್ತಾರೆ. ಬಸ್ಸು ಬರುತ್ತದೆ, ತುಂಬಿದೆಯೆಂದು ಬಿಡುತ್ತಾರೆ. ಸೆರಗಿನಿಂದ ಕತ್ತು ಒರೆಸಿಕೊಂಡು ಹೇಳುತ್ತಾರೆ:

"ಹೆಣ್ಮಕ್ಳನ್ನ ಡಾಕ್ಟ್ರು ಒಬ್ಬೊಬ್ರನ್ನೇ ಕೂರಿಸ್ಕಂಡು ಕೇಳ್ಬೇಕು ಸಾರ್. ಜೊತೇಲಿ ಅತ್ತೆ, ಗಂಡ, ಯಾರೂ ಇರ್ಬಾರ್ದು. ಎರಡೇ ನಿಮಿಷ ಸಾಕು. ನನ್ನ ಕ್ಯಾನಿಗೆ ಒಂದಿನ ಬೇಕು."